ಬೋರ್ಡ್ ಕಡೆ ತಿರುಗಿ ತಲೆ ಕೆರೆದುಕೊಳ್ಳುವ ಟೀಚರ್‌ಗೆ ಏನಾದರೂ ಮನೆಮದ್ದು ಹೇಳಿ

ಸೀಮೆಸುಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ವಯಸ್ಸು 46. ವಿಷಯ ಸ್ವಲ್ಪ ನಾಚಿಕೆಯದು. ಅದಕ್ಕೇ ಹೆಸರು ಹಾಕಿಲ್ಲ.

ಎರಡೂವರೆ ತಿಂಗಳಿಂದ ತಲೆ ವಿಪರೀತ ಕಡಿಯುತ್ತಿದೆ. ನೆತ್ತಿ ಮಾತ್ರ ಅಲ್ಲ. ಕಿವಿ ಹಿಂದೆ, ಕತ್ತಿನ ಹಿಂಭಾಗ, ಹಣೆಯ ಮೇಲೆ ಕೂದಲು ಶುರುವಾಗುವ ಅಂಚು, ಎಲ್ಲ ಕಡೆ. ಬೋರ್ಡ್ ಮೇಲೆ ಪ್ರಮೇಯ ಬರೆಯುವ ನೆಪ ಮಾಡಿ ಮಕ್ಕಳಿಗೆ ಬೆನ್ನು ಹಾಕುತ್ತೇನೆ. ಬಲಗೈ ಬರೆಯುತ್ತಿರುತ್ತದೆ, ಎಡಗೈ ಕೆರೆಯುತ್ತಿರುತ್ತದೆ. ಹತ್ತನೇ ಕ್ಲಾಸಿನವರು ದಡ್ಡರಲ್ಲ. ಮೊನ್ನೆ ಥಟ್ಟನೆ ತಿರುಗಿದರೆ ಮೂರನೇ ಬೆಂಚಿನ ಹುಡುಗ ಎದ್ದು ನಿಂತು ನನ್ನ ಹಾಗೇ ಮಾಡಿ ತೋರಿಸುತ್ತಿದ್ದ. ಬೈಯಬೇಕಿತ್ತು. ನಗು ಬಂತು. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಅಳುವ ಹಾಗಾಯಿತು.

ಸೋಮವಾರಗಳಂದು ಜಾಸ್ತಿ. ಅದೂ ಎಲ್ಲ ಸೋಮವಾರ ಅಲ್ಲ, ಕೆಲವು ಸೋಮವಾರ ಮೊದಲ ಪಿರಿಯಡ್ ಮುಗಿಸುವುದೇ ಕಷ್ಟ. ಪ್ರಾರ್ಥನೆಗೆ ಬಿಸಿಲಲ್ಲಿ ನಿಲ್ಲುವುದರಿಂದ ಇರಬಹುದು ಅಂದುಕೊಂಡಿದ್ದೇನೆ.

ಇದುವರೆಗೆ ಮಾಡಿದ್ದು ಇಷ್ಟು. ಅತ್ತೆ ಹೇಳಿದರೆಂದು ನಿಂಬೆಹಣ್ಣು ಕತ್ತರಿಸಿ ನೇರವಾಗಿ ನೆತ್ತಿಗೆ ಉಜ್ಜಿದೆ. ಹಸಿ ಗಾಯಕ್ಕೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯಿತು. ಹುಳಿ ಮೊಸರು ಹಚ್ಚಿದೆ, ತಂಪಾಗಿ ಒಂದು ಗಂಟೆ ಆರಾಮ. ಬೇವಿನ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಮನೆಯವರು ದಿಂಬು ಎತ್ತಿಕೊಂಡು ಹಾಲ್‌ಗೆ ಹೋದರು. ಟೀವಿಯಲ್ಲಿ ಬರುವ ತಲೆಹೊಟ್ಟಿನ ಶಾಂಪೂ ಎರಡು ಬಾಟಲಿ ಖಾಲಿಯಾಯಿತು. ಈರುಳ್ಳಿ ರಸ ಇನ್ನೂ ಹಚ್ಚಿಲ್ಲ. ಆ ವಾಸನೆಯಲ್ಲಿ ಕ್ಲಾಸಿಗೆ ಹೋಗುವ ಧೈರ್ಯ ಇಲ್ಲ.

ನನಗೆ ಮೂರು ಅನುಮಾನ. ಒಂದು, ಶಾಲೆಯ ಮಕ್ಕಳಿಂದ ಹೇನು. ಎರಡು, ನಮ್ಮ ಮನೆಯ ಬೋರ್ ನೀರು. ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತದೆ, ಗೀಸರ್ ಕಾಯಿಲ್ ಒಂದು ಸಲ ಹೋಗಿದೆ. ಮೂರು, ತಲೆಹೊಟ್ಟು. ಆದರೆ ಸೀರೆಯ ಮೇಲೆ ಬೀಳುವ ಬಿಳಿ ಪುಡಿ ತಲೆಯದೋ ಚಾಕ್‌ಪೀಸಿನದೋ ನನಗೇ ಗೊತ್ತಾಗುತ್ತಿಲ್ಲ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಏನಾದರೂ ಮಾಡಬಹುದಾ?

---

ತುಂಗೆಯ ದಡ ಬರೆದದ್ದು:

ತಂಗೀ, ಮೊದಲು ಆ ನಿಂಬೆಹಣ್ಣು ನಿಲ್ಲಿಸು. ನಿಂಬೆರಸ ಬಹಳ ಹುಳಿ. ಕೆರೆದು ಸಿಪ್ಪೆ ಎದ್ದ ಚರ್ಮಕ್ಕೆ ಅದು ಮದ್ದಲ್ಲ, ಶಿಕ್ಷೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಆಗುವುದೂ ಉಂಟು. ನನ್ನ ತಮ್ಮನ ಹೆಂಡತಿಗೆ ಹಣೆ ಮೇಲೆ ಆಗಿತ್ತು. ಹೋಗಲು ಮೂರು ತಿಂಗಳು ಬೇಕಾಯಿತು.

ನಮ್ಮದು ತೀರ್ಥಹಳ್ಳಿ ಕಡೆ. ನನಗೆ 68. ಶಾಂಪೂ ಹಾಕಿದ್ದು ಕಡಿಮೆ. ಬೋರ್ ನೀರಿನ ಬಗ್ಗೆ ನಿನ್ನ ಅನುಮಾನ ಸುಳ್ಳಲ್ಲ. ಗಡಸು ನೀರಿನಲ್ಲಿ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಬಿಳಿ ಗಸಿ ಕಟ್ಟುತ್ತದೆ. ಆ ಗಸಿ ಕೂದಲಿಗೂ ನೆತ್ತಿಗೂ ಅಂಟಿಕೊಂಡು ಕಡಿತ ಬರುತ್ತದೆ. ನಿಮ್ಮಲ್ಲಿ ಯಾರಾದರೂ ತಲೆಗೆ ಮೈಸೋಪು ಹಾಕುತ್ತಿದ್ದರೆ ಇವತ್ತೇ ಬಿಡಿಸು. ಸೀಗೆಕಾಯಿ, ಅಂಟುವಾಳ ಹಾಗೆ ಗಸಿ ಕಟ್ಟುವುದಿಲ್ಲ. ಆದರೆ ಪುಡಿಯನ್ನು ಹಾಗೇ ತಲೆಗೆ ತಿಕ್ಕಬೇಡ. ತರಿತರಿ ಇರುತ್ತದೆ, ಗೀರುತ್ತದೆ. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ ಆ ನೀರು ಮಾತ್ರ ಹಾಕು. ಕಣ್ಣು ಮುಚ್ಚಿಕೋ. ಕಣ್ಣಿಗೆ ಹೋದರೆ ದಿನವಿಡೀ ಕೆಂಪು.

ಕೊನೆಯ ಎರಡು ಚೊಂಬು ಮಾತ್ರ ಕುಡಿಯುವ ಫಿಲ್ಟರ್ ನೀರು ಹಾಕಿಕೊಂಡು ನೋಡು. ಎರಡು ವಾರದಲ್ಲಿ ನೀರಿನದೇ ತಪ್ಪೋ ಅಲ್ಲವೋ ಗೊತ್ತಾಗುತ್ತದೆ.

ಉರಿಗೆ ದಾಸವಾಳದ ಎಲೆ ಕಿವುಚಿದ ಲೋಳೆ ಒಳ್ಳೆಯದು. ಇಲ್ಲದಿದ್ದರೆ ಎರಡು ಚಮಚ ಮೆಂತ್ಯ ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ ಅರ್ಧ ಗಂಟೆ ಬಿಡು. ಲೋಳೆಸರ ಹಚ್ಚುವುದಾದರೆ ಎಲೆ ಕೊಯ್ದು ಹತ್ತು ನಿಮಿಷ ನೇರ ನಿಲ್ಲಿಸು. ಹಳದಿ ಹಾಲು ಸೋರಿ ಹೋಗಬೇಕು. ಅದು ಹಚ್ಚಿದರೆ ಕಡಿತ ಇನ್ನೂ ಜಾಸ್ತಿ. ಒಳಗಿನ ಬಿಳಿ ತಿರುಳು ಮಾತ್ರ ತೆಗೆದುಕೋ.

ಸುಡು ಸುಡು ನೀರು ಬೇಡ. ಹಂಡೆಯ ಬಿಸಿನೀರು ಸುರಿದುಕೊಳ್ಳುವಾಗ ಕಡಿತಕ್ಕೆ ಹಿತ ಅನ್ನಿಸುತ್ತದೆ. ಒಂದು ಗಂಟೆ ಬಿಟ್ಟು ಬಡ್ಡಿ ಸಮೇತ ವಾಪಸ್ ಬರುತ್ತದೆ.

---

ಹೆಲ್ಮೆಟ್ ತಲೆ ಬರೆದದ್ದು:

ಮೇಡಂ, ನಾನು ಬೆಂಗಳೂರಿನಲ್ಲಿ ಪಾರ್ಸೆಲ್ ಡೆಲಿವರಿ ಮಾಡುವವನು. ದಿನಕ್ಕೆ ಹತ್ತು ಗಂಟೆ ಹೆಲ್ಮೆಟ್ ತಲೆ ಮೇಲೆ. ಕಡಿತದ ವಿಷಯದಲ್ಲಿ ನಾನೂ ಪಿಎಚ್‌ಡಿ.

ನನಗೆ ಇದ್ದದ್ದು ತಲೆಹೊಟ್ಟು. ಒಣಗಿದ ಸಣ್ಣ ಪುಡಿ ಅಲ್ಲ. ಸ್ವಲ್ಪ ಹಳದಿ, ಜಿಡ್ಡು ಜಿಡ್ಡಾದ ಹಕ್ಕಳೆ. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲೂ ಬರುತ್ತಿತ್ತು. ಅಮ್ಮ ಊರಿಂದ ಕೊಬ್ಬರಿ ಎಣ್ಣೆ ಕಳಿಸುತ್ತಿದ್ದರು. ತಲೆ ಒಣಗಿದೆ ಅಂತ ದಿನಾ ರಾತ್ರಿ ಹಚ್ಚಿ ಮಲಗುತ್ತಿದ್ದೆ. ಹಚ್ಚಿದಷ್ಟೂ ಜಾಸ್ತಿಯಾಯಿತು. ಚರ್ಮದ ಡಾಕ್ಟರು ನಕ್ಕುಬಿಟ್ಟರು. ಎಲ್ಲರ ತಲೆ ಮೇಲೂ ಮಲಸೀಸಿಯಾ ಅನ್ನುವ ಒಂದು ಶಿಲೀಂಧ್ರ ಇರುತ್ತದಂತೆ. ಅದರ ಊಟವೇ ನೆತ್ತಿಯ ಜಿಡ್ಡು. ನಾನು ದಿನಾ ರಾತ್ರಿ ಅದಕ್ಕೆ ಊಟ ಬಡಿಸುತ್ತಿದ್ದೆ.

ಕೀಟೋಕೊನಜೋಲ್ 2% ಇರುವ ಶಾಂಪೂ ಕೊಟ್ಟರು. ವಾರಕ್ಕೆ ಎರಡು ಸಲ, ನಾಲ್ಕು ವಾರ. ಮುಖ್ಯ ಏನೆಂದರೆ ಹಚ್ಚಿ ಐದು ನಿಮಿಷ ಬಿಡಬೇಕು. ನಾನು ಮೊದಲು ನೊರೆ ಬಂದ ತಕ್ಷಣ ತೊಳೆದು ಓಡುತ್ತಿದ್ದೆ, ದುಡ್ಡು ಚರಂಡಿಗೆ. ಈಗ ಬಾತ್‌ರೂಮಿನಲ್ಲಿ ಒಂದು ಹಾಡು ಪೂರ್ತಿ ಹಾಕಿಕೊಂಡು ನಿಲ್ಲುತ್ತೇನೆ. ಹೊಟ್ಟು ಹೋದ ಮೇಲೂ ಎರಡು ವಾರಕ್ಕೆ ಒಂದು ಸಲ ಹಾಕಬೇಕು, ಇಲ್ಲದಿದ್ದರೆ ವಾಪಸ್ ಬರುತ್ತದೆ.

ಹೆಲ್ಮೆಟ್ ಒಳಗೆ ಹತ್ತಿ ಕರವಸ್ತ್ರ ಕಟ್ಟುತ್ತೇನೆ, ದಿನಾ ಒಗೆಯುತ್ತೇನೆ. ಅದೂ ಬಹಳ ಸಹಾಯ ಮಾಡಿತು. ಆದರೆ ನಿಮಗೆ ಕತ್ತು, ಕಿವಿ ಹಿಂದೆ ಅಂತ ಬರೆದಿದ್ದೀರಿ. ಮೊದಲು ಹೇನು ನೋಡಿಸಿಕೊಳ್ಳಿ. ನಮ್ಮ ಅಕ್ಕನ ಮಗಳಿಗೆ ಅಲ್ಲೇ ಇದ್ದವು.

---

ಬಯಲುಸೀಮೆ ಬಸ್ಯಾ ಬರೆದದ್ದು:

ಸೀಮೆಸುಣ್ಣಕ್ಕೆ ಸೀಮೆಎಣ್ಣೆಯೇ ಮದ್ದು. ಅಕ್ಕೋರೆ, ಒಂದು ಸಲ ಸೀಮೆಎಣ್ಣೆಗೆ ಸ್ವಲ್ಪ ಕರ್ಪೂರ ಹಾಕಿ ತಲೆಗೆ ಹಚ್ಚಿ ಬಟ್ಟೆ ಕಟ್ಟಿ ಮಲಗಿ. ಹೇನು, ಸೀರು, ಹೊಟ್ಟು ಎಲ್ಲ ಒಂದೇ ರಾತ್ರಿಗೆ ಖಲಾಸ್. ನಮ್ಮವ್ವ ನಮಗೆಲ್ಲ ಹಂಗೇ ಮಾಡುತ್ತಿದ್ದಳು.

---

ರಾತ್ರಿಪಾಳಿ ಬರೆದದ್ದು:

ಬಸ್ಯಾ ಅಣ್ಣಾ, ದಯವಿಟ್ಟು ಬೇಡ. ನಾನು ನರ್ಸ್. ಸೀಮೆಎಣ್ಣೆ ಹಚ್ಚಿಕೊಂಡು ಒಲೆ ಮುಂದೆ ಕೂತ ಮಗುವನ್ನು ನಮ್ಮ ವಾರ್ಡಿಗೆ ತಂದಿದ್ದರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬೆಂಕಿ ತಗುಲದಿದ್ದರೂ ಅದು ಚರ್ಮವನ್ನು ಸುಡುತ್ತದೆ. ಕರ್ಪೂರವೂ ಆಟದ ಸಾಮಾನಲ್ಲ. ತಂಪು ಅನ್ನಿಸುತ್ತದೆ ನಿಜ, ಆದರೆ ಚಿಕ್ಕ ಮಕ್ಕಳ ಬಾಯಿಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು.

ಟೀಚರ್, ಹೇನು ಇದೆಯೋ ಇಲ್ಲವೋ ನೋಡುವುದು ಸುಲಭ. ಕೂದಲು ಒದ್ದೆ ಮಾಡಿ, ಕಂಡಿಷನರ್ ಧಾರಾಳವಾಗಿ ಹಚ್ಚಿ. ಹೆಗಲಿಗೆ ಬಿಳಿ ಟವೆಲ್ ಹಾಕಿಕೊಳ್ಳಿ. ಹೇನಿನ ಬಾಚಣಿಗೆಯಲ್ಲಿ ಬುಡದಿಂದ ತುದಿವರೆಗೆ ಎಳೆದು, ಪ್ರತಿ ಸಲ ಟವೆಲ್‌ಗೆ ಒರೆಸಿ. ಹೇನು ಇದ್ದರೆ ಕಾಣುತ್ತದೆ. ಬಿಳಿ ಚುಕ್ಕೆ ಕಂಡರೆ ಉಗುರಿನಲ್ಲಿ ತಳ್ಳಿ ನೋಡಿ. ಜಾರಿ ಉದುರಿದರೆ ಹೊಟ್ಟು. ಕೂದಲಿಗೆ ಅಂಟು ಹಾಕಿದ ಹಾಗೆ ಕೂತಿದ್ದರೆ ಸೀರು.

---

ಸೀಮೆಸುಣ್ಣ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಬಸ್ಯಾ ಅವರೇ, ಬೇಜಾರಾಗಬೇಡಿ, ಸೀಮೆಎಣ್ಣೆ ಜೋಕಿಗೆ ನಕ್ಕೆ. ಹಚ್ಚಲಿಲ್ಲ.

ಭಾನುವಾರ ಮಗಳನ್ನು ಕೂರಿಸಿಕೊಂಡು ಬಿಳಿ ಟವೆಲ್ ಪರೀಕ್ಷೆ ಮಾಡಿಸಿದೆ. ಮುಕ್ಕಾಲು ಗಂಟೆ ಬಾಚಿದಳು. ಹೇನು ಒಂದೂ ಇಲ್ಲ, ಸೀರೂ ಇಲ್ಲ. ಹೊಟ್ಟು ಇದೆ, ಆದರೆ ಇಷ್ಟು ಕಡಿತಕ್ಕೆ ಅಷ್ಟೊಂದಿಲ್ಲ ಅಂದಳು. ಹುಬ್ಬು, ಮೂಗಿನ ಪಕ್ಕ ಏನೂ ಇಲ್ಲ. ನೆತ್ತಿ ಮಾತ್ರ ಕೆಂಪಗಿದೆ, ಕಿವಿ ಹಿಂದೆ ಸಣ್ಣ ಸಣ್ಣ ಗುಳ್ಳೆ ಇದೆಯಂತೆ. ಫೋಟೊ ತೆಗೆದು ತೋರಿಸಿದಳು. ನನ್ನ ತಲೆಯನ್ನು ನಾನೇ ಅಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಎರಡು ವಾರದಿಂದ ಸೋಸಿದ ಸೀಗೆಕಾಯಿ ನೀರು, ಕೊನೆಗೆ ಫಿಲ್ಟರ್ ನೀರು. ಕೂದಲು ಮೃದುವಾಗಿದೆ, ಅದು ಖಂಡಿತ. ಕಡಿತ ಅರ್ಧ ಇಳಿದಿತ್ತು. ಗೆದ್ದೆ ಅಂದುಕೊಂಡಿದ್ದೆ. ಆದರೆ ಈ ಸೋಮವಾರ ಮತ್ತೆ ಅದೇ ಕಥೆ. ಅದಕ್ಕಿಂತ ಕೆಟ್ಟದಾಗಿ. ಮಂಗಳವಾರ ಬೆಳಿಗ್ಗೆ ಎಡಗಣ್ಣಿನ ರೆಪ್ಪೆಯೂ ಸ್ವಲ್ಪ ಊದಿತ್ತು.

---

ಪಾರ್ಲರ್ ಅಕ್ಕ ಬರೆದದ್ದು:

ಟೀಚರ್, ನಾನು ಶಿವಮೊಗ್ಗದಲ್ಲಿ 19 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಿಂಬೆಹಣ್ಣಿನಿಂದ ಗೀಸರ್ ಕಾಯಿಲ್‌ವರೆಗೆ ಎಲ್ಲ ಬರೆದಿದ್ದೀರಿ. ಒಂದು ವಿಷಯ ಮಾತ್ರ ಬರೆದಿಲ್ಲ. ಯಾರೂ ಬರೆಯುವುದಿಲ್ಲ ಬಿಡಿ.

ಡೈ ಹಚ್ಚುತ್ತೀರಾ?

46 ವಯಸ್ಸು, ದಿನಾ ನೂರು ಜನರ ಮುಂದೆ ನಿಲ್ಲುವ ಕೆಲಸ. ಹಚ್ಚುತ್ತೀರಿ ಅಂದುಕೊಂಡು ಮುಂದೆ ಬರೆಯುತ್ತೇನೆ. ತಪ್ಪಾಗಿದ್ದರೆ ಕ್ಷಮಿಸಿ.

ನನ್ನ ಪಾರ್ಲರಿಗೆ ಬರುವ ಹೆಂಗಸರಲ್ಲಿ ತಲೆ ಕಡಿತ ಅನ್ನುವವರನ್ನು ನಾನು ಮೊದಲು ಕೇಳುವುದೇ ಇದನ್ನು. ಹೊಟ್ಟಾದರೆ ನೆತ್ತಿಯಲ್ಲಿ ಹಕ್ಕಳೆ, ಹುಬ್ಬಲ್ಲೂ ಇರಬಹುದು. ಹೇನಾದರೆ ಕಿವಿ ಹಿಂದೆ, ಕತ್ತಿನಲ್ಲಿ. ಡೈ ಆದರೆ ಅದು ಎಲ್ಲೆಲ್ಲಿ ಇಳಿದು ಬರುತ್ತದೋ ಅಲ್ಲೆಲ್ಲ. ಹಣೆಯ ಅಂಚು, ಕಿವಿಯ ಮೇಲೆ, ಹಿಂದೆ, ಕತ್ತು, ಆಮೇಲೆ ಕಣ್ಣಿನ ರೆಪ್ಪೆ. ರೆಪ್ಪೆಯ ಚರ್ಮ ತೆಳು, ಬೇಗ ಊದುತ್ತದೆ. ನೀವು ಕೊಟ್ಟ ಪಟ್ಟಿ ಓದುವಾಗ ನನಗೆ ಬ್ರಷ್ ಹಿಡಿದು ಡೈ ಹಚ್ಚುವ ದಾರಿಯೇ ಕಣ್ಣ ಮುಂದೆ ಬಂತು.

ಇದರಲ್ಲಿ ಮೋಸ ಹೋಗುವುದು ಎಲ್ಲಿ ಗೊತ್ತಾ? ಹಚ್ಚಿದ ಕೂಡಲೇ ಏನೂ ಆಗುವುದಿಲ್ಲ. ಒಂದು ದಿನ, ಎರಡು ದಿನ, ಕೆಲವರಿಗೆ ಮೂರು ದಿನ ಬಿಟ್ಟು ಶುರುವಾಗುತ್ತದೆ. ಅಷ್ಟರಲ್ಲಿ ಡೈ ಹಚ್ಚಿದ್ದೇ ಮರೆತಿರುತ್ತೇವೆ. ನೀರು, ಬಿಸಿಲು, ಹೊಸ ಶಾಂಪೂ, ಸೊಸೆ ಮಾಡಿದ ಬದನೆಕಾಯಿ ಪಲ್ಯ, ಯಾವುದಾದರೊಂದರ ಮೇಲೆ ತಪ್ಪು ಹೊರಿಸುತ್ತೇವೆ. ಇನ್ನೊಂದು ಮೋಸ, ಹತ್ತು ವರ್ಷ ಹಚ್ಚಿ ಏನೂ ಆಗದವರಿಗೆ ಹನ್ನೊಂದನೇ ವರ್ಷ ಆಗಬಹುದು. 'ಇಷ್ಟು ವರ್ಷದಿಂದ ಇದೇ ಪ್ಯಾಕೆಟ್ಟು' ಅಂತ ನನ್ನ ಜೊತೆ ಜಗಳ ಆಡಿದವರಿದ್ದಾರೆ.

ಕಪ್ಪು ಬಣ್ಣ ಕೊಡುವ ಹೆಚ್ಚಿನ ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಪೂರ್ತಿ ಹೆಸರು ಪ್ಯಾರಾಫಿನಿಲೀನ್‌ಡಯಮೀನ್. ಹತ್ತಿಪ್ಪತ್ತು ರೂಪಾಯಿಯ ಪುಡಿ ಪ್ಯಾಕೆಟ್ಟಿನಲ್ಲೂ ಇರುತ್ತದೆ, ದುಬಾರಿ ಕ್ರೀಮಿನಲ್ಲೂ ಇರುತ್ತದೆ. 'ಅಮೋನಿಯಾ ಇಲ್ಲ' ಅಂತ ದೊಡ್ಡದಾಗಿ ಬರೆದಿದ್ದರೆ ಅಮೋನಿಯಾ ಇಲ್ಲ ಅಂತ ಅಷ್ಟೇ ಅರ್ಥ. ಪಿಪಿಡಿ ಇಲ್ಲ ಅಂತ ಅಲ್ಲ. 'ಕಪ್ಪು ಮೆಹಂದಿ' ಅಂತ ಮಾರುವುದರಲ್ಲೂ ಇದೇ ಇರುತ್ತದೆ. ಬರೀ ಗೋರಂಟಿ ಸೊಪ್ಪು ಯಾವತ್ತೂ ಕಪ್ಪು ಬಣ್ಣ ಕೊಡುವುದಿಲ್ಲ, ಕೆಂಚು ಬಣ್ಣವೇ. ಅರ್ಧ ಗಂಟೆಯಲ್ಲಿ ಕರ್ರಗಾದರೆ ಅದು ಸೊಪ್ಪಿನ ಕೆಲಸ ಅಲ್ಲ.

ನಾನು ಇದನ್ನು ಪುಸ್ತಕ ಓದಿ ಕಲಿತದ್ದಲ್ಲ. ಪಾರ್ಲರ್ ಶುರು ಮಾಡಿದ ನಾಲ್ಕನೇ ವರ್ಷ ಒಬ್ಬರು ಮಗಳ ಮದುವೆಗೆ ಎರಡು ದಿನ ಇರುವಾಗ ಬಂದು ಡೈ ಹಚ್ಚಿಸಿಕೊಂಡರು. ಕಳೆದ ಸಲ ಸ್ವಲ್ಪ ಕಡಿದಿತ್ತು ಅಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಧಾರೆಯ ದಿನ ಅವರ ಎರಡೂ ಕಣ್ಣು ಮುಚ್ಚಿಹೋಗಿದ್ದವು. ಮಗಳ ಧಾರೆಯನ್ನು ಸರಿಯಾಗಿ ನೋಡಲೇ ಆಗಲಿಲ್ಲ ಆ ತಾಯಿಗೆ. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆವತ್ತಿನಿಂದ ಯಾರೇ ಬರಲಿ, ಎರಡು ದಿನ ಮೊದಲು ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ ಕಳಿಸುತ್ತೇನೆ. 48 ಗಂಟೆ ಏನೂ ಆಗದಿದ್ದರೆ ಮಾತ್ರ ಕುರ್ಚಿ. ಪ್ಯಾಕೆಟ್ಟಿನ ಮೇಲೂ ಇದನ್ನೇ ಬರೆದಿರುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ. ಗಿರಾಕಿಗಳು ಬೇಜಾರಾಗಿ ಪಕ್ಕದ ಬೀದಿಗೆ ಹೋಗುತ್ತಾರೆ. ಹೋಗಲಿ. ಆದರೆ ನೀವು ಈ ಚುಕ್ಕೆ ಪರೀಕ್ಷೆ ಮನೆಯಲ್ಲಿ ಮಾಡಬೇಡಿ. ರೆಪ್ಪೆ ಊದಿದ ಮೇಲೆ ಇನ್ನು ಅದು ಡಾಕ್ಟರ ಕೆಲಸ.

ಈಗ ಮಾಡಬೇಕಾದ್ದು: ಮನೆಯಲ್ಲಿ ಕ್ಯಾಲೆಂಡರ್ ಇರುತ್ತದಲ್ಲ, ಡೈ ಹಚ್ಚಿದ ದಿನ ನೆನಪು ಮಾಡಿಕೊಂಡು ಗುರುತು ಹಾಕಿ. ಕಡಿತ ಜಾಸ್ತಿಯಾದ ದಿನವೂ ಹಾಕಿ. ಗಣಿತದ ಟೀಚರ್ ನೀವು, ಮುಂದಿನದು ನಾನು ಹೇಳಬೇಕಾ?

---

ಸೀಮೆಸುಣ್ಣ ಬರೆದದ್ದು:

ಪಾರ್ಲರ್ ಅಕ್ಕಾ, ನೀವು ಬರೆದದ್ದು ಓದಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ಹಚ್ಚುತ್ತೇನೆ. ಆರು ವರ್ಷದಿಂದ. ಪುಡಿ ಪ್ಯಾಕೆಟ್ಟು. ಪ್ರತಿ ಮೂರನೇ ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು, ಹಿತ್ತಲಲ್ಲಿ ಕೂತು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ. ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೇನೆ. ಎಲ್ಲರಿಗೂ ಗೊತ್ತಿರಬಹುದು.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ತೆಗೆದೆ. ಡೈ ಹಚ್ಚುವ ಶನಿವಾರಕ್ಕೆ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಇಡುವ ಅಭ್ಯಾಸ ನನಗೆ. ಕಡಿತ ತಡೆಯಲಾಗದೆ ಅರ್ಧ ದಿನ ರಜೆ ಹಾಕಿದ ಸೋಮವಾರಗಳು ಶಾಲೆಯ ಹಾಜರಿಯಲ್ಲಿವೆ. ಎರಡನ್ನೂ ಜೊತೆಗಿಟ್ಟೆ. ನಾಲ್ಕು ಚುಕ್ಕೆ, ನಾಲ್ಕು ಸೋಮವಾರ. ಒಂದೂ ತಪ್ಪಿಲ್ಲ. ಕಳೆದ ಶನಿವಾರವೂ ಹಚ್ಚಿದ್ದೆ. ಸೀಗೆಕಾಯಿ ಹಾಕಿ ಇಷ್ಟು ಒಳ್ಳೆಯದಾಗಿದೆಯಲ್ಲ, ಇನ್ನು ಹಚ್ಚಬಹುದು ಅಂತ!

ಬಿಸಿಲಂತೆ, ಪ್ರಾರ್ಥನೆಯಂತೆ. ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಮಧ್ಯದ ವಾರಗಳಲ್ಲಿ ಕಡಿಯುತ್ತಿದ್ದದ್ದು ಯಾಕೆ ಅಂತ ಮಾತ್ರ ಗೊತ್ತಾಗುತ್ತಿಲ್ಲ. ಮತ್ತೆ, ರೆಪ್ಪೆ ಊತಕ್ಕೆ ಏನು ಮಾಡಲಿ?

---

ರಾತ್ರಿಪಾಳಿ ಬರೆದದ್ದು:

ಮಧ್ಯದ ವಾರಗಳಲ್ಲಿ ನೀವು ಸುಮ್ಮನಿದ್ದಿರಾ ಟೀಚರ್? ನಿಂಬೆ, ಬೇವಿನ ಎಣ್ಣೆ, ಎರಡು ಬಾಟಲಿ ಶಾಂಪೂ, ಜೊತೆಗೆ ಹತ್ತು ಉಗುರು. ಕೆರೆದಷ್ಟೂ ಚರ್ಮ ಕೆಡುತ್ತದೆ, ಕೆಟ್ಟಷ್ಟೂ ಕಡಿಯುತ್ತದೆ. ಈ ಸುತ್ತು ಶುರುವಾದ ಮೇಲೆ ಮೊದಲ ಕಾರಣ ಹೋದರೂ ಅದು ತಾನೇ ಸುತ್ತುತ್ತಿರುತ್ತದೆ.

ಇವತ್ತೇ ತಲೆಯನ್ನು ಧಾರಾಳ ನೀರು, ಮೃದುವಾದ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ. ಆಮೇಲೆ ತಣ್ಣೀರಲ್ಲಿ ಹಿಂಡಿದ ಹತ್ತಿ ಬಟ್ಟೆ ನೆತ್ತಿ, ಕಣ್ಣಿನ ಮೇಲೆ ಹತ್ತು ಹತ್ತು ನಿಮಿಷ ಇಡಿ. ಉಗುರು ಕತ್ತರಿಸಿ. ತಡೆಯಲಾಗದಿದ್ದರೆ ಕೆರೆಯಬೇಡಿ, ಅಂಗೈಯಲ್ಲಿ ಒತ್ತಿ ಹಿಡಿಯಿರಿ.

ರೆಪ್ಪೆ ಊದಿರುವುದರಿಂದ ನಾಳೆಯೇ ಚರ್ಮದ ಡಾಕ್ಟರನ್ನು ನೋಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬ್ ತರಬೇಡಿ. ಸ್ಟೀರಾಯ್ಡ್ ಬೇಕೋ, ಯಾವುದು, ಎಷ್ಟು ದಿನ, ಅದನ್ನು ಅವರೇ ಹೇಳಲಿ. ಮುಖವಿಡೀ ಊದಿದರೆ ಅಥವಾ ಉಸಿರಾಡಲು ಕಷ್ಟವಾದರೆ ನಾಳೆವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ನೆತ್ತಿಯಲ್ಲಿ ಕೀವು, ಜ್ವರ, ಕತ್ತಿನಲ್ಲಿ ಗಂಟು ಬಂದರೂ ಅಷ್ಟೇ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಮಕ್ಕಳ ತಲೆಯಲ್ಲಿ ಕಡಿತದ ಜೊತೆ ದುಂಡಗೆ ಕೂದಲು ಉದುರಿ ಬೋಳಾಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಬರೀ ಮೇಲೆ ಹಚ್ಚುವ ಮುಲಾಮು ಸಾಲುವುದಿಲ್ಲ, ಹೊಟ್ಟೆಗೆ ಔಷಧಿ ಬೇಕು.

---

ತುಂಗೆಯ ದಡ ಬರೆದದ್ದು:

ನೋಡು ತಂಗೀ, ನಾನು ನೀರು, ಸೀಗೆಕಾಯಿ ಅಂತಲೇ ಕೂತಿದ್ದೆ. ಪಾರ್ಲರಿನವರು ಸರಿಯಾದ ಎಳೆ ಹಿಡಿದರು. ಡೈ ಬಿಟ್ಟರೆ ಗೋರಂಟಿ ಇದೆಯಲ್ಲ? ನಮ್ಮ ಕಡೆ ಮದರಂಗಿ ಅನ್ನುತ್ತೇವೆ. ಗಿಡದ ಸೊಪ್ಪನ್ನೇ ಅರೆದು ಹಚ್ಚು. ಕೆಂಪಾದರೆ ಆಗಲಿ.

---

ಪಾರ್ಲರ್ ಅಕ್ಕ ಬರೆದದ್ದು:

ಅಮ್ಮಾ, ಸೊಪ್ಪು ಒಳ್ಳೆಯದೇ, ಆದರೆ ಈಗ ಬೇಡ. ಚರ್ಮ ಪೂರ್ತಿ ಒಣಗಿ ಮೊದಲಿನ ಹಾಗಾಗುವವರೆಗೆ ತಲೆಗೆ ಏನೂ ಬೇಡ. ಮೆಂತ್ಯವೂ ಬೇಡ. ನಮ್ಮ ಜನಕ್ಕೆ ಸುಮ್ನೆ ಇರುವುದು ಒಂದು ಚಿಕಿತ್ಸೆ ಅಂತ ಅನ್ನಿಸುವುದೇ ಇಲ್ಲ, ಏನಾದರೂ ಅರೆಯಲೇಬೇಕು.

ಆಮೇಲೆ ಕಪ್ಪೇ ಬೇಕು ಅಂದರೆ ಗೋರಂಟಿ ಹಚ್ಚಿ ತೊಳೆದು, ಅದರ ಮೇಲೆ ನೀಲಿ ಗಿಡದ ಪುಡಿ ಹಚ್ಚುವ ಕ್ರಮ ಇದೆ. ಎರಡೂ ಎಲೆಗಳೇ. ಆದರೆ ಪ್ಯಾಕೆಟ್ಟಿನಲ್ಲಿ ಬೇರೇನೂ ಬೆರೆಸಿಲ್ಲ ಅಂತ ನೋಡಿ ತರಬೇಕು. ಒಮ್ಮೆ ಪಿಪಿಡಿ ಆಗದವರಿಗೆ ಮುಂದೆಯೂ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಬೇಕು. ಸ್ವಲ್ಪ ದಿನ ಬಿಟ್ಟು ಒಂದೇ ಒಂದು ಸಲ ಅನ್ನುವ ಆಟ ಬೇಡ. ಹಬ್ಬ ಬಂತು ಅಂತಲೂ ಬೇಡ.

---

ಸೀಮೆಸುಣ್ಣ ಬರೆದದ್ದು, ಆರು ವಾರದ ನಂತರ:

ಹೇಳಿ ಹೋಗೋಣ ಅಂತ ಬಂದೆ.

ಮರುದಿನವೇ ಡಾಕ್ಟರ ಹತ್ತಿರ ಹೋದೆ. ಕ್ಯಾಲೆಂಡರ್ ಹಾಳೆ ಹರಿದುಕೊಂಡೇ ಹೋಗಿದ್ದೆ. ಅವರು ಅದನ್ನು ನೋಡಿ ನಕ್ಕು, ಅರ್ಧ ಕೆಲಸ ನೀವೇ ಮಾಡಿದ್ದೀರಿ ಅಂದರು. ನೆತ್ತಿಗೆ ಲೋಷನ್, ರಾತ್ರಿಗೆ ಮಾತ್ರೆ ಕೊಟ್ಟರು. ರೆಪ್ಪೆ ಮೂರು ದಿನಕ್ಕೆ ಇಳಿಯಿತು. ನೆತ್ತಿ ಸರಿಯಾಗಲು ಎರಡು ವಾರ ಮೇಲಾಯಿತು. ಆಮೇಲೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಅಲರ್ಜಿ ಪರೀಕ್ಷೆ ಮಾಡಿದರು. ಎರಡು ದಿನ ಬೆನ್ನಿಗೆ ನೀರು ಹಾಕುವ ಹಾಗಿಲ್ಲ. ಪಟ್ಟಿ ತೆಗೆದಾಗ ಪಿಪಿಡಿ ಇದ್ದ ಜಾಗ ಕೆಂಪಗೆ ದದ್ದೆದ್ದಿತ್ತು. ಮಿಕ್ಕ ಜಾಗ ಏನೂ ಇಲ್ಲ.

ಸೀಗೆಕಾಯಿ ನೀರು, ಕೊನೆಯ ಎರಡು ಚೊಂಬು ಫಿಲ್ಟರ್ ನೀರು, ಇವು ಮುಂದುವರಿದಿವೆ. ತಪ್ಪು ನೀರಿನದ್ದಲ್ಲದಿದ್ದರೂ ಕೂದಲು ಚೆನ್ನಾಗಿದೆ. ತುಂಗೆಯ ದಡದ ಅಮ್ಮನಿಗೆ ಅದರ ಪುಣ್ಯ. ಅತ್ತೆಗೆ ಮಾತ್ರ ನಿಂಬೆಹಣ್ಣಿನ ವಿಷಯ ಇನ್ನೂ ಹೇಳಿಲ್ಲ.

ಬೈತಲೆಯಲ್ಲಿ ಈಗ ಎರಡು ಬೆರಳು ಅಗಲ ಬಿಳಿ. ಮೊದಲ ವಾರ ತಲೆ ತಗ್ಗಿಸಿಕೊಂಡೇ ಸ್ಟಾಫ್ ರೂಮಿಗೆ ಹೋದೆ. ಹಿಂದಿ ಟೀಚರ್ ಪಕ್ಕ ಬಂದು ಮೆಲ್ಲಗೆ, 'ನೀವೂ ಬಿಟ್ಟಿರಾ? ಹಾಗಾದರೆ ನಾನೂ ಬಿಡಲಾ?' ಅಂದರು. ಅವರೂ ಹಚ್ಚುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೂರನೇ ಬೆಂಚಿನ ಹುಡುಗ ಈಗ ನನ್ನ ಕನ್ನಡಕ ಸರಿಮಾಡಿಕೊಳ್ಳುವುದನ್ನು ನಕಲು ಮಾಡುತ್ತಾನೆ.

ಇನ್ನೊಂದು ಪ್ರಶ್ನೆ, ಇದು ನನ್ನದಲ್ಲ. ಎಂಟನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿ ಒಬ್ಬಳು ವಾರದಿಂದ ಕಿವಿ ಹಿಂದೆ ಕೆರೆದುಕೊಳ್ಳುತ್ತಿದ್ದಾಳೆ. ಅವಳು ಡೈ ಹಚ್ಚುವ ವಯಸ್ಸಿನವಳಲ್ಲ. ಎಲ್ಲರ ಮುಂದೆ ಕೇಳಿದರೆ ಹುಡುಗಿ ಶಾಲೆಗೇ ಬರುವುದಿಲ್ಲ. ರಾತ್ರಿಪಾಳಿಯವರೇ, ಹೇನಿನ ಬಾಚಣಿಗೆ ಪ್ಲಾಸ್ಟಿಕ್‌ದು ಸಾಕಾ, ಸ್ಟೀಲ್‌ದೇ ಬೇಕಾ? ಮನೆಯಲ್ಲಿ ಅವಳಿಗೆ ಇಬ್ಬರು ತಂಗಿಯರೂ ಇದ್ದಾರೆ.

---

ರಾತ್ರಿಪಾಳಿ ಬರೆದದ್ದು:

ಸ್ಟೀಲ್‌ದು ತನ್ನಿ, ಹಲ್ಲು ಬಾಗುವುದಿಲ್ಲ. ಮೂವರಿಗೂ ಒಂದೇ ದಿನ ನೋಡಬೇಕು, ತಾಯಿಗೂ. ಸೀರು ಒಡೆದು ಮರಿ ಹೊರಬರಲು ಏಳರಿಂದ ಹತ್ತು ದಿನ ಬೇಕು, ಹಾಗಾಗಿ ಒಂದು ಸಲ ಬಾಚಿ ಬಿಟ್ಟರೆ ಆಗುವುದಿಲ್ಲ. ಮೂರು ದಿನಕ್ಕೊಮ್ಮೆ ಒದ್ದೆ ಕೂದಲಲ್ಲಿ ಬಾಚುತ್ತಾ ಎರಡು ವಾರ ಮಾಡಿಸಿ. ತಾಯಿಯನ್ನು ಬೇರೆ ಏನೋ ನೆಪ ಹೇಳಿ ಶಾಲೆಗೆ ಕರೆಸಿ.